ಸತ್ತವನ ಸ್ವಭಾವವೊಂದೇ ಕಾರಣವೆ?

ಸಾಲ ತೀರಿಸಲಾರದೆ ಒಬ್ಬ ರೈತನೋ ಕೂಲಿಯವನೋ ಜೀವ ಕಳೆದುಕೊಂಡನೆಂಬ ಸುದ್ದಿ ಬಂದೊಡನೆ ಊರ ದೊಡ್ಡವರ ತೀರ್ಪು ಸಿದ್ಧವಾಗಿರುತ್ತದೆ: "ಹೇಡಿ; ಮನಸ್ಸು ಗಟ್ಟಿಯಿರಲಿಲ್ಲ." "ಸಂಸಾರ ತಾಪತ್ರಯ", "ಕುಡಿತ" ಎಂದು ಬರೆದು ಕಡತ ಮುಚ್ಚಿದರೆ ಎಲ್ಲರ ಕೈಯೂ ಶುದ್ಧ!

ಸ್ವಭಾವದ ಪಾಲೇ ಇಲ್ಲವೆಂದು ನಾವು ಹೇಳುವುದಿಲ್ಲ. ದುಡುಕು, ತನ್ನನ್ನೇ ಹಳಿದುಕೊಳ್ಳುವ ಗುಣ, ಮುಂದೆ ದಾರಿಯೇ ಇಲ್ಲವೆಂಬ ಹತಾಶೆ ಅಪಾಯವನ್ನು ಹೆಚ್ಚಿಸುತ್ತವೆಂದು ಮನಶ್ಶಾಸ್ತ್ರಜ್ಞರು ಕಂಡಿದ್ದಾರೆ. ಮನೋರೋಗವೂ ಕುಡಿತವೂ ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು. ಆದರೆ ಶಾಲೆಯಲ್ಲಿ ಪಾಠ ಹೇಳಿದ ಯಾರನ್ನಾದರೂ ಕೇಳಿ: ದುಡುಕು ಸಾಹುಕಾರನ ಮಗನಲ್ಲೂ ಉಂಟು, ಕೂಲಿಯವನ ಮಗನಲ್ಲೂ ಉಂಟು. ಒಬ್ಬನು ಎಡವಿದರೆ ಹಿಡಿಯಲು ಹತ್ತು ಕೈಗಳಿವೆ. ಇನ್ನೊಬ್ಬನಿಗೆ ಯಾರಿದ್ದಾರೆ?

ಆತ್ಮಹತ್ಯೆ ಬರಿಯ ಒಬ್ಬೊಬ್ಬರ ಮನಸ್ಸಿನ ಮಾತಲ್ಲ, ಮನುಷ್ಯನನ್ನು ಸಮಾಜಕ್ಕೆ ಕಟ್ಟಿದ ಬಂಧ ಸಡಿಲವಾದಾಗ ಅದು ಹೆಚ್ಚುತ್ತದೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿಯೇ ವಾದಿಸಿದನು. ನಮ್ಮ ಸರ್ಕಾರದ ಲೆಕ್ಕವನ್ನೇ ನೋಡಿರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಹೀಗೆ ಸತ್ತವರು 1,64,033 ಮಂದಿ. ಅವರಲ್ಲಿ ದಿನಗೂಲಿಯವರು 42,004, ಅಂದರೆ ನಾಲ್ವರಲ್ಲಿ ಒಬ್ಬರು; ಗೃಹಿಣಿಯರು 23,179. ಇಷ್ಟು ಮಂದಿಯೂ ಹೇಡಿಗಳಾಗಿಯೇ ಹುಟ್ಟಿದವರೆ?

ಕಾನೂನು ಕೂಡ ಈ ಮಾತನ್ನು ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆನ್ನುತ್ತದೆ. ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ವಿಧಿಸುತ್ತದೆ. ಕಿರುಸಾಲ ವಸೂಲಿಯವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಹತ್ತು ವರ್ಷದವರೆಗಿನ ಸೆರೆವಾಸ ವಿಧಿಸಿತು. ಒಳ್ಳೆಯದೇ. ಆದರೆ ಬ್ಯಾಂಕಿನ ಬಾಗಿಲು ಬಡವನಿಗೆ ತೆರೆಯದಿದ್ದರೆ, ಅವನು ಮತ್ತೆ ಅದೇ ಸಾಲಗಾರರ ಮನೆಗೇ ಹೋಗಬೇಕಲ್ಲವೆ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ: ಕಡಿಮೆ ಬಡ್ಡಿಯ ಸಾಲ, ವರ್ಷವಿಡೀ ಕೆಲಸ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯ.

ಬೇಡಿಕೆ ಈಡೇರುವತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನೆರೆಯವನು ಮಂಕಾಗಿದ್ದರೆ, "ಇನ್ನು ಬದುಕಿ ಏನು ಫಲ" ಎಂದರೆ, ಬುದ್ಧಿ ಹೇಳಲು ಹೋಗಬೇಡಿ. ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ, ಅವನ ಮಾತು ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಹಗಲಿರುಳೂ ಬಿಟ್ಟಿಯಾಗಿ ಸಲಹೆ ದೊರೆಯುತ್ತದೆ. ಸತ್ತ ಮೇಲೆ ತೀರ್ಪು ಕೊಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಬದುಕಿರುವಾಗ ಬಾಗಿಲು ತಟ್ಟುವವರು ನಾವಾಗೋಣ.