ಸಿಂಕಿನ ಕೆಳಗಿನ ಎಂಟು ಘನ ಅಡಿ

ಮನೆ ಸಾಲದೆಂಬ ಮಾತನ್ನು ಕೇಳದ ದಿನವಿಲ್ಲ. ಸಾಂಗಲಿ ಮತ್ತು ಮಿರಜಗಳ ನಡುವೆ ಇರುವ ಕುಪವಾಡ ಎಂಐಡಿಸಿಯಲ್ಲಿ ದುಡಿಯುವ ನಮ್ಮ ಕನ್ನಡ ಕುಟುಂಬಗಳಂತೂ ಈ ಮಾತನ್ನು ಆಡುವುದನ್ನೇ ಬಿಟ್ಟಿವೆ. ಅದು ಅವರಿಗೆ ಅಷ್ಟು ರೂಢಿಯಾಗಿದೆ. ಜತ್ತ, ಅಥಣಿ, ಇಂಡಿಗಳ ಕಡೆಯಿಂದ ಬಂದು ಬಾಡಿಗೆಗೆ ನಿಂತವರ ಮನೆಯೆಂದರೆ ಹೆಚ್ಚಾಗಿ ಎರಡು ಕೋಣೆ. ಮುಂದಿನದರಲ್ಲಿ ಮಂಚ, ಟ್ರಂಕುಗಳು, ದೇವರ ಗೂಡು, ಹಿಂದಿನದರಲ್ಲಿ ಅಡುಗೆ, ಅದರ ಮಗ್ಗುಲಿಗೆ ಬಚ್ಚಲು. ನಮ್ಮ ಹಳ್ಳಿಯ ಶಾಲೆಯಲ್ಲಿ ಓದಿ ಇಲ್ಲಿ ನೆಲೆಸಿದವರು ಅನೇಕರಿರುವುದರಿಂದ ಇಂಥ ಮನೆಗಳಿಗೆ ನಾವು ಆಗಾಗ ಹೋಗುತ್ತಿರುತ್ತೇವೆ. ಹೋದಾಗಲೆಲ್ಲ ನಮ್ಮ ಕಣ್ಣಿಗೆ ಬೀಳುವ ಒಂದು ಸಂಗತಿಯನ್ನು ಈ ತಿಂಗಳು ವಾಚಕರ ಮುಂದೆ ಇಡಬಯಸುತ್ತೇವೆ.

ಮುಂದಿನ ಕೋಣೆಯಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಹಬ್ಬಕ್ಕೊಮ್ಮೆ ಇಳಿಸುವ ಹಂಡೆ, ಹೋಳಿಗೆಯ ತವೆ, ಬರಿದಾದ ಡಬ್ಬಿಗಳು, ಬುಟ್ಟಿಗಳು ಎಲ್ಲವೂ ಅಲ್ಲಿಯೇ. ಹಿಂದಿನ ಕೋಣೆಯಲ್ಲಿ ಸಿಂಕಿನ ಕೆಳಗೆ ಮಾತ್ರ ಒಂದು ಹರಕು ಗೋಣಿತಟ್ಟು, ಸವೆದ ಪೊರಕೆ, ಹೆಸರಿಲ್ಲದ ನಾಲ್ಕಾರು ಬಾಟಲಿಗಳು. ಗಣಿತದಲ್ಲಿ ಘನಫಲವನ್ನು ಕಲಿಸುವಾಗ ನಾವು ಮಕ್ಕಳಿಗೆ ಟ್ರಂಕಿನ ಲೆಕ್ಕ ಕೊಡುವುದುಂಟು. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರದ ಟ್ರಂಕು ಮೂರೂಮುಕ್ಕಾಲು ಘನ ಅಡಿಯಷ್ಟು ಹಿಡಿಯುತ್ತದೆ. ಅದೇ ಲೆಕ್ಕವನ್ನು ಸಿಂಕಿಗೆ ಹಚ್ಚಿ ನೋಡೋಣ. ಕಟ್ಟೆಯ ಎತ್ತರ 32 ಅಂಗುಲ, ಸಿಂಕಿನ ಆಳ 8 ಅಂಗುಲ. ಕೆಳಗೆ ಉಳಿಯುವುದು 2 ಅಡಿ. ಅಗಲ 2 ಅಡಿ, ಒಳಗಿನ ಆಳ 2 ಅಡಿ. ಗುಣಿಸಿದರೆ 8 ಘನ ಅಡಿ. ನೀರಿನ ಕೊಳವೆಗೆಂದು ಕಾಲುಭಾಗ ಬಿಟ್ಟರೂ ಒಂದೂವರೆ ಟ್ರಂಕಿನಷ್ಟು ಜಾಗ ಅಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬಾಡಿಗೆಯನ್ನಂತೂ ಅದಕ್ಕೂ ಸೇರಿಸಿಯೇ ಕೊಡುತ್ತೇವಲ್ಲವೇ?

ಹೀಗೇಕೆ ಬಿದ್ದಿದೆಯೆಂದು ಕೇಳಿದರೆ ಗೃಹಿಣಿಯರು ಹೇಳುವ ಉತ್ತರ ಸಾಮಾನ್ಯವಾಗಿ ಒಂದೇ: "ಅದು ಮೋರಿ ಜಾಗಾರೀ ಗುರುಗಳೇ, ಅಲ್ಲಿ ಏನ ಇಡೂದು?" ಈ ಮಾತಿನ ಹಿಂದೆ ಒಂದು ಚರಿತ್ರೆಯಿದೆ. ನಮ್ಮ ಹಳೆಯ ಮನೆಗಳಲ್ಲಿ ಮೋರಿ ನೆಲಮಟ್ಟದಲ್ಲಿತ್ತು. ಕುಕ್ಕರಗಾಲಿನಲ್ಲಿ ಕುಳಿತು ಪಾತ್ರೆ ಬೆಳಗುತ್ತಿದ್ದರು. ಅದರ ಕೆಳಗೆ ಜಾಗವೆಂಬುದೇ ಇರಲಿಲ್ಲ. ಮರಾಠಿಯಲ್ಲಿ ಓಟಾ ಎನ್ನುವ, ನಾವು ಅಡಿಗೆಕಟ್ಟೆ ಎನ್ನುವ ನಿಲುಗಟ್ಟೆ ಬಂದ ಮೇಲೆ ಮೋರಿ ಸೊಂಟದೆತ್ತರಕ್ಕೆ ಏರಿತು. ಏರಿದಾಗ ತನ್ನ ಕೆಳಗೆ ಹೊಸತೊಂದು ಎಡೆಯನ್ನು ಬಿಟ್ಟಿತು. ನಮ್ಮ ಹಿರಿಯರು ಅದಕ್ಕೆ ಹೆಸರನ್ನಿಟ್ಟಿರಲಿಲ್ಲ. ಹೆಸರಿಲ್ಲದ ಜಾಗಕ್ಕೆ ಕೆಲಸವನ್ನೂ ಯಾರೂ ಗೊತ್ತುಮಾಡಲಿಲ್ಲ.

ಹಾಗೆಂದು ಹಿರಿಯರಿಗೆ ಜಾಗದ ಬೆಲೆ ತಿಳಿದಿರಲಿಲ್ಲವೆನ್ನಲಾದೀತೇ? ತಲೆಯ ಮೇಲಿನ ಬರಿಯ ಗಾಳಿಯಲ್ಲಿ ನೆಲವು ಕಟ್ಟಿ ಬೆಣ್ಣೆಯ ಗಡಿಗೆಯನ್ನು ತೂಗುಹಾಕಿದವರು ಅವರು. ಗೋಡೆಯ ದಪ್ಪದಲ್ಲಿ ಗೂಡು ಕೊರೆದರು. ಅಂಗಳದ ಕೆಳಗೆ ಹಗೇವು ತೋಡಿ ಜೋಳ ತುಂಬಿದರು. ಸಾಂಗಲಿಯ ಮಗ್ಗುಲಲ್ಲೇ, ಕೃಷ್ಣಾ-ವಾರಣಾ ಸಂಗಮದ ಹರಿಪುರದಲ್ಲಿ, ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿಯೇ ಕಾಪಿಡುತ್ತ ಬಂದರು. ಅಲ್ಲಿ ಅದಕ್ಕೆ ಪೇವ ಎನ್ನುತ್ತಾರೆ. ಸಾಂಗಲಿಯ ಅರಿಸಿನ ಪೇಟೆಯ ಹೆಸರಿನ ಹಿಂದೆ ಈ ಕತ್ತಲೆಯ ಕುಣಿಗಳ ಪಾಲೂ ಇದೆ. ಆ ಹಗೇವಿಗೆ ಒಂದೇ ಕಟ್ಟಳೆ: ತೇವ ತಾಗಬಾರದು. ತಳಕ್ಕೂ ಬದಿಗೂ ಒಣಹುಲ್ಲು ಹಾಸಿ, ಬಾಯಿ ಮುಚ್ಚಿ, ತೆರೆದ ಮೇಲೆ ಗಾಳಿಯಾಡಿದ ಹೊರತು ಒಳಗೆ ಇಳಿಯುತ್ತಿರಲಿಲ್ಲ. 2005ರ ಮಹಾಪೂರದಲ್ಲಿ ಹರಿಪುರದ ಪೇವಗಳಿಗೆ ನೀರು ಹೊಕ್ಕು ಆದ ಹಾನಿಯನ್ನು ಆ ಭಾಗದವರು ಇನ್ನೂ ಮರೆತಿಲ್ಲ. ಸಿಂಕಿನ ಕೆಳಗಿನ ಜಾಗಕ್ಕೂ ನಾವು ಇದೇ ಕಟ್ಟಳೆಯನ್ನು ಹಚ್ಚಬೇಕು. ಅಲ್ಲಿ ತೇವ ಇದ್ದೇ ಇರುತ್ತದೆಂದು ತಿಳಿದು, ತೇವಕ್ಕೆ ಅಂಜದ ವಸ್ತುಗಳನ್ನು ಮಾತ್ರ ಇಡಬೇಕು.

ಅಂಥವು ಯಾವುವು? ಉಕ್ಕು, ಅಲ್ಯೂಮಿನಿಯಂ, ಹಿತ್ತಾಳೆಯ ದೊಡ್ಡ ಪಾತ್ರೆಗಳು, ಬಕೆಟ್ಟು, ಪ್ಲಾಸ್ಟಿಕ್ ಬುಟ್ಟಿ, ಖಾಲಿ ಡಬ್ಬಿ, ಕುಕ್ಕರು. ಹಿಟ್ಟು, ಬೇಳೆ, ಬೆಂಕಿಪೆಟ್ಟಿಗೆ, ಔಷಧಿ ಇವು ಅಲ್ಲಿ ಬೇಡ. ಉಳ್ಳಾಗಡ್ಡಿ ಮತ್ತು ಬಟಾಟೆಗಳನ್ನು ಅಲ್ಲಿ ತುಂಬುವವರು ಬಹಳ. ಗಾಳಿಯಿಲ್ಲದ ತೇವದಲ್ಲಿ ಅವು ಮೊಳೆತು ಕೊಳೆಯುತ್ತವೆ, ಜಿರಳೆಗಳಿಗೆ ಅದೇ ಔತಣವಾಗುತ್ತದೆ.

ಬಾಡಿಗೆಯ ಮನೆಯಲ್ಲಿ ಮೊಳೆ ಹೊಡೆದರೆ ಮನೆಯೊಡೆಯರು ಒಪ್ಪುವುದಿಲ್ಲ. ಆದುದರಿಂದ ಗೋಡೆಯನ್ನು ಮುಟ್ಟದ ಉಪಾಯವೇ ಲೇಸು. ಫರಸಿ ಮಾರುವ ಅಂಗಡಿಗಳಲ್ಲಿ ಕಡಪ ಕಲ್ಲಿನ ಇಲ್ಲವೆ ಶಹಾಬಾದಿ ಫರಸಿಯ ತುಂಡುಗಳು ಕಡಿಮೆ ದರಕ್ಕೆ ಸಿಗುತ್ತವೆ. (ಶಹಾಬಾದ ನಮ್ಮ ಕಲಬುರ್ಗಿ ಜಿಲ್ಲೆಯದು, ಗಡಿಯಾಚೆಯ ಎಷ್ಟು ಮನೆಗಳ ನೆಲದಲ್ಲಿ ಕನ್ನಡ ನಾಡಿನ ಕಲ್ಲು ಮಲಗಿದೆಯೆಂದು ನೆನೆದು ನಾವು ಕೆಲವೊಮ್ಮೆ ಹಿಗ್ಗುತ್ತೇವೆ.) ಎರಡೂ ಬದಿಗೆ ಅಡ್ಡಲಾಗಿ ಇಟ್ಟಂಗಿ ಇಟ್ಟು, ಅದರ ಮೇಲೆ ಫರಸಿ ಹಾಸಿದರೆ ನೆಲದಿಂದ ನಾಲ್ಕು ಅಂಗುಲ ಎತ್ತರದ ಹಲಗೆ ಸಿದ್ಧವಾಗುತ್ತದೆ. ಕೆಳಗಿನಿಂದ ನೀರು ಹರಿದರೂ ಪಾತ್ರೆ ನೆನೆಯದು. ಪೊರಕೆ ಆಡಿಸಲೂ ಬರುತ್ತದೆ. ಮರದ ಹಲಗೆ, ಪ್ಲೈವುಡ್ಡು ಬೇಡ, ಉಬ್ಬಿ ಕೊಳೆಯುತ್ತವೆ. ಮುಂದೆ ಬಾಗಿಲು ಕೂಡಿಸುವುದಕ್ಕಿಂತ ಹಳೆಯ ಸೀರೆಯ ಪರದೆ ಉತ್ತಮ. ನೋಟಕ್ಕೆ ಮರೆಯೂ ಆಯಿತು, ಗಾಳಿಯೂ ಆಡಿತು.

ಕೊಳವೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಸಿಂಕಿನ ಕೆಳಗೆ ಕೊಳವೆ ಬಾಗಿ ಮತ್ತೆ ಮೇಲೇಳುವ ಒಂದು ತಿರುವು ಇರುತ್ತದೆ. ಕೆಲವೆಡೆ ಅದು ಬಾಟಲಿಯ ಆಕಾರದಲ್ಲಿರುವುದುಂಟು. ಆ ತಿರುವಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ನಿಂತ ಆ ನೀರೇ ಗಟಾರದ ದುರ್ವಾಸನೆಗೂ ಹುಳುಗಳಿಗೂ ಬಾಗಿಲು. 1775ರಲ್ಲಿ ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಲಂಡನ್ನಿನಲ್ಲಿ ಶೌಚದ ಕೊಳವೆಗೆ ಇಂಥ ತಿರುವನ್ನು ಕಲ್ಪಿಸಿ ಹಕ್ಕುಪತ್ರ ಪಡೆದ. ಇಂದಿನ ಪ್ಲಾಸ್ಟಿಕ್ ಕೊಳವೆಗೆ ಹಂಡೆಯನ್ನು ಒತ್ತಿ ತುರುಕಿದರೆ ಬೆಸುಗೆ ಸಡಿಲಿ ಹನಿಯತೊಡಗುತ್ತದೆ. ಸುತ್ತಲೂ ಕೈ ಆಡುವಷ್ಟು ಜಾಗ ಬಿಡಿರಿ. ಹಲಗೆಯ ಮೇಲೆ ಒಂದು ಹಳೆಯ ವೃತ್ತಪತ್ರಿಕೆ ಹಾಸಿಡಿರಿ. ಎಲ್ಲಿ ಹನಿಯುತ್ತದೆಂಬುದನ್ನು ಕಾಗದದ ಕಲೆ ತಾನಾಗಿ ಹೇಳುತ್ತದೆ.

ಇಷ್ಟು ಮಾಡಿದ ಮೇಲೆ ಮುಂದಿನ ಕೋಣೆಯಿಂದ ಹಂಡೆ, ತವೆ, ಡಬ್ಬಿಗಳು ಹಿಂದಕ್ಕೆ ಸರಿಯುತ್ತವೆ. ತೆರವಾದ ಗೂಡನ್ನು ಯಾರಿಗೆ ಕೊಡುತ್ತೀರಿ? ಈ ಪ್ರಶ್ನೆಗಾಗಿಯೇ ನಾವು ಇಷ್ಟೆಲ್ಲ ಬರೆದದ್ದು. ಮಕ್ಕಳ ವಹಿಗಳನ್ನು ತಿದ್ದುತ್ತ ನಮಗೆ ಮೂವತ್ತು ವರ್ಷಗಳಾಗುತ್ತ ಬಂದವು. ವಹಿಯ ಅಂಚು ನೆನೆದು ಉಬ್ಬಿದ್ದರೆ, ಮೂಲೆಗೆ ಅರಿಸಿನದ ಕಲೆಯಿದ್ದರೆ, ಆ ಮಗು ಅಡಿಗೆಯ ಒಲೆಗೂ ಮೋರಿಗೂ ನಡುವೆ ಕುಳಿತು ಬರೆದಿದೆಯೆಂದು ನಮಗೆ ತಿಳಿಯುತ್ತದೆ. ಚೀಲವನ್ನಿಡಲು ನಿಶ್ಚಿತವಾದ ಒಂದು ಎಡೆಯಿಲ್ಲದ ಮಗು ದಿನವೂ ಒಂದು ಪೆನ್ಸಿಲನ್ನು ಕಳೆದು ಬೈಸಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿಯೋ ಇಂಗ್ಲಿಷೋ ಎಂಬ ಇಮ್ಮಡಿ ಹೊರೆ ಹೊತ್ತ ನಮ್ಮ ಗಡಿಯ ಮಕ್ಕಳಿಗೆ ಒಂದೂವರೆ ಅಡಿಯ ಗೂಡೊಂದು ಸ್ವಂತದ್ದಾಗಿ ಸಿಕ್ಕಿದರೆ, ಅದರಲ್ಲಿ ಶಾಲೆಯ ಪುಸ್ತಕದ ಜೊತೆಗೆ ಎರಡು ಕನ್ನಡ ಪುಸ್ತಕಗಳೂ ನಿಲ್ಲಬಹುದು. ಕುಪವಾಡದ ಒಂದು ಮನೆಯಲ್ಲಿ ತಾಯಿಯೊಬ್ಬಳು ಹೀಗೆಯೇ ಗೂಡು ತೆರವು ಮಾಡಿ, ಮಗಳ ಹೆಸರನ್ನು ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿದ್ದಳು. ಮೂರನೆಯ ಇಯತ್ತೆಯ ಆ ಹುಡುಗಿ ನಮಗೆ ಅದನ್ನು ತೋರಿಸುವಾಗ ಕೈಕಾಲು ತೊಳೆದುಕೊಂಡು ಬಂದು ತೋರಿಸಿದಳು.

ಈಗ ಆ ಹೆಸರಿಲ್ಲದ ಬಾಟಲಿಗಳ ವಿಚಾರ. ಇದನ್ನು ನಾವು ಹಗುರಾಗಿ ಹೇಳಲಾರೆವು. ಸಿಂಕಿನ ಕೆಳಗಿನ ಎತ್ತರ ಮತ್ತು ಎರಡು ವರ್ಷದ ಮಗುವಿನ ಕೈಯ ಎತ್ತರ ಒಂದೇ. ಫಿನಾಯಿಲು, ಬಚ್ಚಲಿನ ಆ್ಯಸಿಡ್ಡು, ಕಟ್ಟಿದ ಕೊಳವೆಯನ್ನು ಬಿಡಿಸುವ ಕಾಸ್ಟಿಕ್ ಪುಡಿ ಇವೆಲ್ಲ ಇರುವುದು ಅಲ್ಲಿಯೇ. ಎಂಐಡಿಸಿಯ ಮನೆಗಳಲ್ಲಿ ಇನ್ನೊಂದು ಹೆಚ್ಚಿನದು: ಕೈಯ ಗ್ರೀಸು ತೆಗೆಯಲೆಂದು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ ತಂದ ಥಿನ್ನರು. ಊರಿನಿಂದ ಬರುವಾಗ ಬೆಳೆಗೆ ಸಿಂಪಡಿಸುವ ಔಷಧಿಯ ಉಳಿಕೆಯನ್ನು ತಿಗಣೆಗೆಂದು ತರುವವರೂ ಇದ್ದಾರೆ. ಮಗುವಿಗೆ ಬಾಟಲಿ ಗೊತ್ತು, ಒಳಗಿನದು ಗೊತ್ತಿಲ್ಲ. ಕಾಸ್ಟಿಕ್ ಹರಳು ಸಕ್ಕರೆಯಂತೆ ಕಾಣುತ್ತದೆ. ನಾಲಗೆಯಿಂದ ಅನ್ನನಾಳದವರೆಗೂ ಸುಡುತ್ತದೆ. ಬೇಸಿನ್ನಿನ ಜಾಲರಿಯ ಮೇಲೆ ಇಡುವ ಡಾಂಬರ ಗುಳಿಗೆ ಪೆಪ್ಪರಮಿಂಟಿನಂತೆ ಕಾಣುತ್ತದೆ. ಅದನ್ನು ನುಂಗಿದರೆ ಕೆಲವು ಮಕ್ಕಳಲ್ಲಿ ರಕ್ತದ ಕೆಂಪು ಕಣಗಳು ಒಡೆದು ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಆದುದರಿಂದ ಇಂಥ ಯಾವ ವಸ್ತುವೂ ಸಿಂಕಿನ ಕೆಳಗೆ ಇರಕೂಡದು. ದೊಡ್ಡವರು ಕೈಯೆತ್ತಿ ತೆಗೆಯಬೇಕಾದ ಎತ್ತರದಲ್ಲಿ, ಮುಚ್ಚಳವುಳ್ಳ ಒಂದು ಡಬ್ಬಿಯಲ್ಲಿ, ತಿನ್ನುವ ಪದಾರ್ಥಗಳಿಂದ ದೂರವಾಗಿ ಇಡತಕ್ಕದ್ದು. ಕುಡಿಯುವ ಬಾಟಲಿಗೆ ಕುಡಿಯಬಾರದ್ದನ್ನು ತುಂಬುವ ರೂಢಿಯನ್ನು ಇಂದೇ ಕೈಬಿಡಬೇಕು. ಅಂಗಡಿಯಿಂದ ಬಂದ ಬಾಟಲಿಯಲ್ಲಿಯೇ, ಚೀಟಿ ಹರಿಯದಂತೆ, ಅದು ಇರಲಿ. ಮಗು ಸೀಮೆಎಣ್ಣೆ, ಥಿನ್ನರು ಇಲ್ಲವೆ ಆ್ಯಸಿಡ್ಡನ್ನು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಚಾರ ಅಪಾಯಕಾರಿ. ಎಣ್ಣೆ ವಾಂತಿಯೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ್ಯಸಿಡ್ಡು ಬರುವಾಗ ಎರಡನೆಯ ಸಲ ಸುಡುತ್ತದೆ. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸಬೇಕು; 108ಕ್ಕೆ ಕರೆಮಾಡಿದರೆ ಆಂಬುಲೆನ್ಸು ಬರುತ್ತದೆ. ಇನ್ನೊಂದು ಮಾತು: ಬ್ಲೀಚಿಂಗ್ ಪುಡಿಯನ್ನೂ ಆ್ಯಸಿಡ್ಡನ್ನೂ ಕೂಡಿಸಿ ಬಚ್ಚಲು ತಿಕ್ಕಿದರೆ ಹೆಚ್ಚು ಬೆಳ್ಳಗಾಗುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಅವೆರಡು ಕೂಡಿದರೆ ಹುಟ್ಟುವುದು ಕ್ಲೋರಿನ್ ಎಂಬ ವಿಷವಾಯು. ಅಲ್ಲದೆ ಶಹಾಬಾದಿಯೂ ಕಡಪವೂ ಸುಣ್ಣಗಲ್ಲಿನ ಜಾತಿಯವು. ಆ್ಯಸಿಡ್ಡು ಬಿದ್ದೆಡೆ ನೊರೆಯೆದ್ದು ಕಲ್ಲೇ ಕರಗುತ್ತದೆ. ಸಾಬೂನು ಪುಡಿ, ಬಿಸಿನೀರು, ಗಟ್ಟಿ ಬ್ರಶ್ಶು ಸಾಕು.

ಸಿಂಕಿನ ಮೇಲ್ಭಾಗವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಈ ಪ್ರಾಂತದ ಮನೆಗಳಲ್ಲಿ ಗೋಡೆಗೆ ತೂಗುವ ಉಕ್ಕಿನ ಮಾಂಡಣಿ ಬಹುಕಾಲದಿಂದ ಇದೆ; ಆದರೆ ಅದನ್ನು ಎದುರಿನ ಗೋಡೆಗೆ, ಬರುವವರಿಗೆ ಕಾಣುವಂತೆ ಹಾಕುತ್ತಾರೆ. ತೊಳೆದ ತಾಟುಗಳನ್ನು ನೀರು ಸುರಿಸುತ್ತ ಅಲ್ಲಿಗೆ ಒಯ್ಯಬೇಕು, ಇಲ್ಲವೆ ಬಟ್ಟೆಯಿಂದ ಒರೆಸಬೇಕು. ಮನೆಯೊಡೆಯರು ಒಪ್ಪಿದಲ್ಲಿ ಅದನ್ನು ಸಿಂಕಿನ ನೇರ ಮೇಲಕ್ಕೆ ಹಾಕಿಸಿದರೆ ನೀರು ಸಿಂಕಿಗೇ ಇಳಿಯುತ್ತದೆ, ತಾಟು ತಾನೇ ಒಣಗುತ್ತದೆ. ಫಿನ್ಲೆಂಡ್ ದೇಶದ ಮೈಯು ಗೆಬ್‌ಹಾರ್ಡ್ ಎಂಬ ಮಹಿಳೆ 1944-45ರ ಸುಮಾರಿಗೆ ತಳವಿಲ್ಲದ ಕಪಾಟೊಂದನ್ನು ಸಿಂಕಿನ ಮೇಲೆ ಕೂಡಿಸುವ ಇದೇ ಯುಕ್ತಿಯನ್ನು ತನ್ನ ನಾಡಿನ ಮನೆಮನೆಗೆ ಮುಟ್ಟಿಸಿದಳು. ಪಾತ್ರೆ ಒರೆಸುವುದರಲ್ಲಿ ಹೆಂಗಸರ ಆಯುಷ್ಯ ಎಷ್ಟು ಕಳೆಯುತ್ತದೆಂದು ಲೆಕ್ಕ ಹಾಕಿದವಳು ಅವಳು. ನಮ್ಮಲ್ಲಿ ಅಂಥ ಲೆಕ್ಕವನ್ನು ಗಂಡಸರು ಒಂದು ದಿನ ಪಾತ್ರೆ ತೊಳೆದು ನೋಡಿ ಮಾಡಬಹುದು.

ಬಚ್ಚಲಿನ ಬೇಸಿನ್ನಿನ ಕೆಳಗೆ ಜಾಗ ಇನ್ನೂ ಕಿರಿದು, ತೇವ ಇನ್ನೂ ಹೆಚ್ಚು. ಅಲ್ಲಿ ಒಂದು ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬ್ರಶ್ಶು, ಮಗ್ಗು, ಬಟ್ಟೆ ತಿಕ್ಕುವ ಸಾಬೂನು ಇಟ್ಟರೆ ಸಾಕು. ಟುವಾಲು, ಒಗೆದ ಬಟ್ಟೆ ಬೇಡ, ಮುಗ್ಗುತ್ತವೆ. ಕೃಷ್ಣೆಯ ತೀರದ ಸಾಂಗಲಿಯ ಬಡಾವಣೆಗಳಲ್ಲಿರುವ ವಾಚಕರು 2019 ಮತ್ತು 2021ರ ಪೂರಗಳನ್ನು ಕಂಡವರು. ಮಹಾಪೂರ ಬಂದಾಗ ಗಟಾರದ ನೀರು ಹಿಂದಕ್ಕೆ ನುಗ್ಗಿ ಮೊದಲು ಮೇಲೇಳುವುದು ಬಚ್ಚಲಿನ ಜಾಲರಿಯಿಂದಲೇ. ಅಂಥವರು ಮಳೆಗಾಲದ ಮೂರು ತಿಂಗಳು ಕೆಳಗಿನ ಹಲಗೆಯಲ್ಲಿ ಎತ್ತಿಕೊಂಡು ಹೋಗಬಲ್ಲ ವಸ್ತುಗಳನ್ನಷ್ಟೇ ಇಡಬೇಕು.

ದೀಪಾವಳಿಗೋ ಬೇಸಿಗೆಯ ರಜೆಗೋ ಊರಿಗೆ ಹೊರಟಾಗ ಮನೆ ಹದಿನೈದು ದಿನ ಬೀಗದಲ್ಲಿರುತ್ತದೆ. ಅಷ್ಟರಲ್ಲಿ ಕೊಳವೆಯ ತಿರುವಿನ ನೀರು ಆರಿ, ಬಾಗಿಲು ತೆರೆದಂತಾಗಿ, ಗಟಾರದ ನಾತವೂ ಜಿರಳೆಯೂ ಮೇಲೇರುತ್ತವೆ. ಹೊರಡುವ ಮುನ್ನ ಸಿಂಕಿಗೊಂದು, ಬೇಸಿನ್ನಿಗೊಂದು, ಬಚ್ಚಲಿನ ಜಾಲರಿಗೊಂದು ತಂಬಿಗೆ ನೀರು ಸುರಿದು, ಮೂರರ ಬಾಯಿಗೂ ತಾಟು ಇಲ್ಲವೆ ಮುಚ್ಚಳ ಮುಚ್ಚಿಡಿರಿ. ಬಂದ ದಿನ ದೀಪ ಹಚ್ಚುವ ಮೊದಲು ಮತ್ತೊಂದು ತಂಬಿಗೆ.