ಸಿಗ್ನಲ್ ಕಡಿದರೆ ಏನಾಗುತ್ತೆ?

ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ನೋಡಿದವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಸ್ಪೀಡ್ ಹೋಗುತ್ತೆ? ರಿಮೋಟ್ ಎಷ್ಟು ದೂರ ಕೆಲಸ ಮಾಡುತ್ತೆ? ಮೂರನೆಯ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ನನ್ನ ಗೆಳೆಯನ ಮೊಣಕೈಗೆ ಹೊಲಿಗೆ ಬೀಳುತ್ತಿರಲಿಲ್ಲ. ಈಗ ಬೋರ್ಡ್ ಲ್ಯಾಬಿನ ಬೀರುವಿನಲ್ಲಿದೆ, ಬೀಗ ಬಿದ್ದಿದೆ. ಇಂಥದ್ದೆಲ್ಲ ಬೇಡ ಅಂತ ಲೆಕ್ಚರರ್‌ಗಳೂ ಹೇಳುತ್ತಾರೆ, ಅಮ್ಮಿಯೂ ಹೇಳುತ್ತಾರೆ. ತಪ್ಪು ನಮ್ಮದೇ. ಆದರೆ ಬೀಗ ಹಾಕಿದರೆ ಆ ತಪ್ಪು ಏನೆಂದು ಯಾರಿಗೂ ತಿಳಿಯುವುದಿಲ್ಲ.

ಅವತ್ತು ಭಾನುವಾರ. ಬಾಶೆಟ್ಟಿಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ರಸ್ತೆಯಲ್ಲಿ ಲಾರಿಗಳು ಕಡಿಮೆ ಅಂತ ಅಲ್ಲಿಗೆ ಹೋಗಿದ್ದೆವು. (ಕಾಲೇಜಿನ ಮೈದಾನವೇ ಸಾಕಿತ್ತು, ಅದೂ ನಮ್ಮ ತಪ್ಪೇ.) ರಿಮೋಟಿನೊಳಗೆ ಬ್ಯಾಟರಿ ವೈರಿನ ಬೆಸುಗೆ ಬಿಟ್ಟುಹೋಯಿತು. ಗೆಳೆಯ ಬೆರಳು ತೆಗೆದ, ಬೋರ್ಡ್ ನಿಲ್ಲಲಿಲ್ಲ. ಅದೇ ಸ್ಪೀಡಿನಲ್ಲಿ ಓಡುತ್ತಲೇ ಇತ್ತು.

ಯಾಕೆ? ರಿಮೋಟಿನಲ್ಲಿ ಒಂದು ಆರ್ಡುಯಿನೋ ನ್ಯಾನೋ, ಒಂದು ಎನ್‌ಆರ್‌ಎಫ್24ಎಲ್01 ರೇಡಿಯೋ ಮಾಡ್ಯೂಲ್. ಬೋರ್ಡಿನ ಕೆಳಗೂ ಅಂಥದ್ದೇ ಜೋಡಿ. ಅದು ಮೋಟಾರ್ ಕಂಟ್ರೋಲರ್‌ಗೆ ಸೆಕೆಂಡಿಗೆ 50 ಸಲ ಒಂದು ಪಲ್ಸ್ ಕಳಿಸುತ್ತದೆ: 1 ಮಿಲಿಸೆಕೆಂಡ್ ಅಂದರೆ ಪೂರ್ತಿ ಬ್ರೇಕ್, 1.5 ನ್ಯೂಟ್ರಲ್, 2 ಪೂರ್ತಿ ವೇಗ. ರೇಡಿಯೋದಿಂದ ಹೊಸ ಸುದ್ದಿ ಬರದಿದ್ದರೂ ಸರ್ವೋ ಲೈಬ್ರರಿ ಕೊನೆಯ ಪಲ್ಸನ್ನೇ ಕಳಿಸುತ್ತಾ ಇರುತ್ತದೆ. ರಿಮೋಟ್ ಸತ್ತಿದೆ ಅಂತ ಕಂಟ್ರೋಲರ್‌ಗೆ ಗೊತ್ತಾಗುವುದೇ ಇಲ್ಲ.

ಇದಕ್ಕೆ ಬೇಕಾದದ್ದು ನಾಲ್ಕು ಸಾಲಿನ ಕೋಡ್. 300 ಮಿಲಿಸೆಕೆಂಡ್ ಸಿಗ್ನಲ್ ಬರದಿದ್ದರೆ ಪಲ್ಸ್ 1.5ಕ್ಕೆ ಇಳಿಯಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಬೋರ್ಡ್ ಹೋಗುವುದು ಒಂದೂ ಮುಕ್ಕಾಲು ಮೀಟರಿಗಿಂತ ಕಡಿಮೆ. ಪೂರ್ತಿ ಬ್ರೇಕ್ ಯಾಕಲ್ಲ ಅಂತ ಕೇಳಬಹುದು. ಬೋರ್ಡ್ ತಟ್ಟನೆ ನಿಂತರೆ ಮೇಲಿರುವವನು ನಿಲ್ಲುವುದಿಲ್ಲ, ಜಡತ್ವದ ಪಾಠ ಎಲ್ಲರಿಗೂ ಆಗಿದೆ. ನಾವು ಈ ನಾಲ್ಕು ಸಾಲನ್ನು ಆಮೇಲೆ ಬರೆಯೋಣ ಅಂತ ಬಿಟ್ಟಿದ್ದೆವು. ಮೊದಲು ಬರೆಯಬೇಕಾದದ್ದೇ ಅದು.

ಬೇರೆಯವರ ಕೋಡನ್ನು ಹಾಗೇ ಇಳಿಸಿಕೊಂಡದ್ದು ಇನ್ನೊಂದು ಎಡವಟ್ಟು. ವೈಫೈ ಗಲಾಟೆ ತಪ್ಪಿಸಲು ಅದರಲ್ಲಿ ಚಾನೆಲ್ 108 ಅಂತಿತ್ತು, ಅಂದರೆ 2508 ಮೆಗಾಹರ್ಟ್ಸ್. ನಮ್ಮ ದೇಶದಲ್ಲಿ 2005ರ ನಿಯಮದಂತೆ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡದಿರುವುದು 2400ರಿಂದ 2483.5ರವರೆಗೆ ಮಾತ್ರ. ಈಗ 80ಕ್ಕೆ ಇಳಿಸಿದ್ದೇವೆ. ಆಗಾಗ ಸಿಗ್ನಲ್ ತಪ್ಪುತ್ತಿದ್ದುದು ಮಾಡ್ಯೂಲಿನ ಪವರ್ ಪಿನ್‌ಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಹಾಂ, ಆ ಮಾಡ್ಯೂಲಿಗೆ 3.3 ವೋಲ್ಟ್ ಮಾತ್ರ. 5 ಕೊಟ್ಟು ಒಂದನ್ನು ಸುಟ್ಟಿದ್ದೇವೆ.

ಕೋಡ್ ತಿದ್ದಿಯಾಗಿದೆ, ಪರೀಕ್ಷೆ ಮಾಡಲು ಬೋರ್ಡ್ ಕೈಗೆ ಬರಬೇಕಷ್ಟೆ. ಯಾರೂ ಅದರ ಮೇಲೆ ನಿಲ್ಲುವುದು ಬೇಡ. ಚಕ್ರ ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ ಇಟ್ಟು, ಮೋಟಾರ್ ಓಡುವಾಗ ರಿಮೋಟಿನ ಬ್ಯಾಟರಿ ಕಿತ್ತು ನೋಡಬೇಕು. ಲ್ಯಾಬಿನಲ್ಲಿ, ಲೆಕ್ಚರರ್ ಎದುರಿಗೇ, ಇಪ್ಪತ್ತು ಸಲ. ಒಂದು ಸಲ ತಪ್ಪಿದರೂ ಬೀಗ ನಾವೇ ಹಾಕುತ್ತೇವೆ. ಮುಂದಿನ ಪ್ರದರ್ಶನದಲ್ಲಿ ಓಡುವ ಯಾವ ಮಾಡೆಲ್‌ಗೂ ಈ ಪರೀಕ್ಷೆಯಾಗದೆ ಅಂಕ ಕೊಡಬೇಡಿ ಎಂದು ತೀರ್ಪುಗಾರರಲ್ಲೂ ಕೇಳಿಕೊಳ್ಳುತ್ತೇನೆ. ಗೆಳೆಯನ ಹೊಲಿಗೆ ಬಿಚ್ಚಿದ್ದಾರೆ. ಬ್ಯಾಟರಿ ಕೀಳುವವನು ತಾನೇ ಅಂತ ಈಗಲೇ ಹೇಳಿಟ್ಟಿದ್ದಾನೆ.