ಬಣ್ಣದ ಮನೆಯಿಂದ: ದ್ರೌಪದಿಯ ಗಡ್ಡ

ಸುಗ್ಗಿ ಮುಗಿದು ಜಾತ್ರೆ ಶುರುವಾಯಿತೆಂದರೆ ನಮ್ಮ ಕಡೆ ಕೇಳಬೇಕೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ... ಯಾವ ಬಸ್ಸು ಹತ್ತಿ ಯಾವ ಊರಿಗಿಳಿದರೂ 'ಕುರುಕ್ಷೇತ್ರ'ದ ಪೋಸ್ಟರು! ರಾತ್ರಿ ಪೂರ್ತಿ ಹಾರ್ಮೋನಿಯಂ, ಬೆಳಗಿನ ಜಾವಕ್ಕೆ ಗದಾಯುದ್ಧ. ದುರ್ಯೋಧನನ ಪಾರ್ಟಿಗೆ ಜಗಳ, ಕೃಷ್ಣನ ಪಾರ್ಟಿಗೆ ಪೈಪೋಟಿ. ದ್ರೌಪದಿ ಎಂದರೆ ಮಾತ್ರ ಎಲ್ಲರೂ ತಲೆ ತಗ್ಗಿಸುತ್ತಾರೆ. ಈಗ ಬಹುಪಾಲು ಕಡೆ ದುಡ್ಡು ಕೊಟ್ಟು ಕಲಾವಿದೆಯರನ್ನು ಕರೆಸುತ್ತಾರೆ ಅನ್ನಿ. ಆದರೂ ಚಂದಾ ಸಾಲದ ಊರಿನಲ್ಲಿ, ಕಾಲೇಜು ವಾರ್ಷಿಕೋತ್ಸವದಲ್ಲಿ ಸೀರೆ ಉಡುವವನು ನಮ್ಮ ನಿಮ್ಮಂಥ ಹುಡುಗನೇ. ಅವನಿಗೆ ಮಾತು ಕಂಠಪಾಠ ಮಾಡುವ ಚಿಂತೆಗಿಂತ ದೊಡ್ಡದು ಗಡ್ಡದ ಚಿಂತೆ. ಅಕ್ಕ ತಂದಿಟ್ಟ ವ್ಯಾಕ್ಸ್ ಡಬ್ಬಿ ಮನೆಯಲ್ಲೇ ಇದೆಯಲ್ಲ, ಒಂದು ಸಲ ಬಳಿದು ಕಿತ್ತರೆ ಹೇಗೆ?

ಬೇಡ ಕಣಯ್ಯ! ತಡಿ, ಹೇಳ್ತೀನಿ.

ಈ ತಾಪತ್ರಯ ಸಿನಿಮಾ ಹುಟ್ಟಿದ ದಿನದಿಂದಲೂ ಇದೆ. 1913ರಲ್ಲಿ ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿ ಆಗಲು ಒಬ್ಬ ಹೆಣ್ಣುಮಗಳೂ ಸಿಗಲಿಲ್ಲ. ಕೊನೆಗೆ ಸೀರೆ ಉಟ್ಟವರು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ. ಅಪ್ಪ ಬದುಕಿರುವಾಗ ಮೀಸೆ ಬೋಳಿಸಬಾರದು ಎಂದು ಹಟ ಹಿಡಿದ ಹುಡುಗರನ್ನು ಒಪ್ಪಿಸಲು ಫಾಲ್ಕೆಯವರು ಪಟ್ಟ ಪಾಡು ಚರಿತ್ರೆಗೇ ಸೇರಿಹೋಯಿತು. ಅದೇ ಸಾಳುಂಕೆ 1917ರ 'ಲಂಕಾ ದಹನ'ದಲ್ಲಿ ರಾಮನೂ ಆದರು, ಸೀತೆಯೂ ಆದರು! ಇತ್ತ ನಮ್ಮಲ್ಲಿ ಆರ್. ನಾಗರತ್ನಮ್ಮ ಲೆಕ್ಕವನ್ನೇ ತಿರುಗಿಸಿದರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ಭೀಮನಂಥ ಪಾತ್ರಗಳಲ್ಲಿ ಗುಡುಗಿದರು. ಇಲ್ಲದ ಮೀಸೆಯನ್ನು ಅಂಟಿಸಿಕೊಳ್ಳಬಹುದು ಬಿಡಿ, ಇರುವುದನ್ನು ತೆಗೆಯುವುದೇ ಕಷ್ಟ.

ಹಳೇ ಕಾಲದಲ್ಲಿ ಇದಕ್ಕೊಂದು ಮದ್ದಿತ್ತು: ಗ್ರಂದಿಗೆ ಅಂಗಡಿಯ ಅರದಾಳಕ್ಕೆ ಸುಣ್ಣ ಕಲಸಿ ಹಚ್ಚುವುದು. ಕೂದಲೇನೋ ಉದುರುತ್ತದೆ. ಆದರೆ ಅರದಾಳದಲ್ಲಿರುವುದು ಪಾಷಾಣ, ಜೊತೆಗೆ ಸುಣ್ಣ ಚರ್ಮ ಸುಡುತ್ತದೆ. ಯಾರಾದರೂ ಹಿರಿಯರು ಹೇಳಿದರೆ ನಮಸ್ಕಾರ ಮಾಡಿ ಎದ್ದು ಬನ್ನಿ.

ಈಗ ವ್ಯಾಕ್ಸಿನ ವಿಷಯ. ರೇಜರ್ ಕೂದಲನ್ನು ಚರ್ಮದ ಮಟ್ಟಕ್ಕೆ ಕತ್ತರಿಸುತ್ತದೆ, ವ್ಯಾಕ್ಸ್ ಬುಡಸಮೇತ ಕೀಳುತ್ತದೆ. ಅಕ್ಕನ ಮೇಲ್ದುಟಿಯ ಮೇಲಿರುವುದು ಎಳೆ ರೋಮ. ನಿಮ್ಮ ಗಲ್ಲದ ಮೇಲಿರುವುದು ದಪ್ಪ, ಗಟ್ಟಿ, ಆಳಕ್ಕೆ ಬೇರು ಬಿಟ್ಟ ಕೂದಲು. ಅದನ್ನು ಒಟ್ಟಿಗೆ ಕಿತ್ತರೆ ರಕ್ತದ ಚುಕ್ಕೆ ಏಳುತ್ತದೆ, ಕೂದಲ ಗುಣಿಗಳಲ್ಲಿ ಕೀವು ತುಂಬುತ್ತದೆ. ಮತ್ತೆ ಹುಟ್ಟುವ ಕೂದಲು ಹೊರಗೆ ಬರದೆ ಚರ್ಮದೊಳಗೇ ಸುರುಳಿ ಸುತ್ತಿ ಗಂಟಾಗುತ್ತದೆ, ಕಪ್ಪು ಕಲೆ ಉಳಿಯುತ್ತದೆ. ಒಂದು ರಾತ್ರಿಯ ದ್ರೌಪದಿಗಾಗಿ ವರ್ಷವಿಡೀ ಕಲೆ ಹೊತ್ತು ತಿರುಗುವುದೇ?

ಇನ್ನು ಮನೆಯಲ್ಲೇ ಸಕ್ಕರೆ, ನಿಂಬೆರಸ ಕಾಯಿಸಿ ವ್ಯಾಕ್ಸ್ ಮಾಡುವ ಶೂರರು. ಅದು ಉಂಡೆಪಾಕ ಸ್ವಾಮಿ! ಕುದಿಯುವ ನೀರು 100 ಡಿಗ್ರಿ, ಈ ಪಾಕ 120ರ ಹತ್ತಿರ. ನೀರು ಬಿದ್ದರೆ ಜಾರಿ ಹೋಗುತ್ತದೆ, ಪಾಕ ಕೆನ್ನೆಗೆ ಕಚ್ಚಿಕೊಂಡೇ ಸುಡುತ್ತದೆ. ಚನ್ನಪಟ್ಟಣದಲ್ಲಿ ಬಿಸಿ ಅರಗು ಹಚ್ಚುವುದು ಬೊಂಬೆಗೆ. ಅದು ಮರ, ತಡೆದುಕೊಳ್ಳುತ್ತದೆ.

ಹಾಗಾದರೆ ಬಣ್ಣದ ಮನೆಯಲ್ಲಿ ಬಲ್ಲವರು ಏನು ಮಾಡುತ್ತಾರೆ? ಬಿಸಿನೀರಿನ ಬಟ್ಟೆ ಒತ್ತಿ ಗಡ್ಡ ಮೆದುವಾಗಿಸಿ, ಹೊಸ ಬ್ಲೇಡಿನಲ್ಲಿ ಕೂದಲು ಹೋದ ದಿಕ್ಕಿಗೇ ನುಣ್ಣಗೆ ಶೇವ್. ಆಮೇಲೂ ಗಲ್ಲದ ಮೇಲೆ ನೀಲಿಹಸಿರು ನೆರಳು ಉಳಿಯುತ್ತದಲ್ಲ, ಎಷ್ಟು ಪೌಡರ್ ಮೆತ್ತಿದರೂ ಬೂದಿಯ ಹಾಗೆ ಕಾಣುವುದು ಅದರಿಂದಲೇ. ಅದರ ಮೇಲೆ ಮೊದಲು ಕಿತ್ತಳೆ ಬಣ್ಣದ ಮೇಕಪ್ ತೆಳುವಾಗಿ ತಟ್ಟುತ್ತಾರೆ. ನೀಲಿಯನ್ನು ಕಿತ್ತಳೆ ಕೊಲ್ಲುತ್ತದೆ. ಆ ಮೇಲೆ ಮೈಬಣ್ಣದ ಪ್ಯಾನ್‌ಕೇಕ್, ಪೌಡರ್. ಇಷ್ಟೇ ಗುಟ್ಟು! (ತಟ್ಟಬೇಕು, ಉಜ್ಜಿದರೆ ಕಿತ್ತಳೆಯೂ ಎದ್ದು ಬರುತ್ತದೆ.) ಪದೇ ಪದೇ ಶೇವ್ ಮಾಡಿದರೆ ಗಡ್ಡ ದಪ್ಪವಾಗುತ್ತದೆ ಎಂಬ ಹೆದರಿಕೆ ಬೇಡ, ಅದು ಬರೀ ಮಾತು. ಕತ್ತರಿಸಿದ ತುದಿ ಮೊಂಡಾಗಿ ಒರಟೆನಿಸುತ್ತದೆ, ಅಷ್ಟೆ.

ಬಿ. ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ನೋಡದಿದ್ದವರು ಒಮ್ಮೆ ನೋಡಿ. ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ, ನಾಗರಾಜು ಮತ್ತು ರಾಜು ಅವರಿಗೆ ಮೇಕಪ್ಪಿಗೆ, ಎರಡೂ ರಾಷ್ಟ್ರಪ್ರಶಸ್ತಿ ಬಂದದ್ದು 2015ರಲ್ಲಿ. 2021ರಲ್ಲಿ ಬೈಕ್ ಅಪಘಾತದಲ್ಲಿ ವಿಜಯ್ ಹೋಗಿಬಿಟ್ಟರು. ಆ ಚಿತ್ರದಲ್ಲಿ ಅವರ ಕಣ್ಣು, ಕೈ, ನಡಿಗೆ ನೋಡಿ. ಹೆಣ್ಣು ಪಾತ್ರ ಅಂದರೆ ಪ್ರೇಕ್ಷಕರನ್ನು ನಗಿಸುವ ಸೀರೆ ಎಂದುಕೊಂಡವರಿಗೆ ಅಲ್ಲೇ ಪಾಠವಿದೆ.

ಆದರೆ ಹುಬ್ಬಿನ ನಡುವೆ, ಕೆನ್ನೆಯ ಮೇಲ್ಭಾಗದಲ್ಲಿ ನಾಲ್ಕು ಎಳೆ ತೆಗೆಯಬೇಕೆನ್ನಿಸಿದರೆ? ಅದಕ್ಕೆ ವ್ಯಾಕ್ಸ್ ಆಗಬಹುದು, ಹುಷಾರಾಗಿ. ಮುಖಕ್ಕೆಂದೇ ಮಾಡಿದ ವ್ಯಾಕ್ಸ್ ತನ್ನಿ. ಹಿಂದಿನ ದಿನ ಮುಂಗೈ ಒಳಭಾಗಕ್ಕೆ ಹಚ್ಚಿ ನೋಡಿ, ಕೆಂಪಾಗಿ ಉರಿದರೆ ಅಲ್ಲಿಗೇ ಬಿಡಿ. ಬಿಸಿಯನ್ನು ಮಣಿಕಟ್ಟಿನ ಮೇಲೆ ಪರೀಕ್ಷಿಸಿ. ಕೂದಲು ಹೋದ ದಿಕ್ಕಿಗೆ ಬಳಿದು, ಚರ್ಮ ಬಿಗಿಯಾಗಿ ಹಿಡಿದು, ಎದುರು ದಿಕ್ಕಿಗೆ ಚರ್ಮಕ್ಕೆ ಒತ್ತಿಕೊಂಡಂತೆ ಒಂದೇ ಏಟಿಗೆ ಎಳೆಯಿರಿ, ಮೇಲಕ್ಕೆತ್ತಬೇಡಿ. ಅದೇ ಜಾಗಕ್ಕೆ ಎರಡನೇ ಸಲ ಬೇಡ. ಮೊಡವೆ, ಮಚ್ಚೆ, ಗಾಯದ ಮೇಲೆ ಖಂಡಿತ ಬೇಡ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ, ನಿಲ್ಲಿಸಿ ಆರು ತಿಂಗಳಾಗುವವರೆಗೂ ವ್ಯಾಕ್ಸ್ ಮುಟ್ಟಬೇಡಿ, ಚರ್ಮವೇ ಸುಲಿದು ಬರುತ್ತದೆ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು ಏನೂ ಹಚ್ಚದೆ, ಬೊಬ್ಬೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಕಿತ್ತ ಜಾಗಕ್ಕೆ ಮಾರನೇ ದಿನದವರೆಗೂ ಬಣ್ಣ ಹಚ್ಚುವಂತಿಲ್ಲ. ಆದ್ದರಿಂದ ನಾಟಕ ಶನಿವಾರವಿದ್ದರೆ ಹುಬ್ಬಿನ ಕೆಲಸ ಗುರುವಾರವೇ ಮುಗಿಸಿ. ಶನಿವಾರ ಸಂಜೆ ಬಣ್ಣದ ಮನೆಗೆ ಹೊಸ ಬ್ಲೇಡು, ಕಿತ್ತಳೆ ಬಣ್ಣ, ಪೌಡರ್ ಹಿಡಿದು ಹೋಗಿ. ಮೀಸೆ ತೆಗೆಯುವ ಮುಂಚೆ ಅಪ್ಪನ ಕಿವಿಗೊಂದು ಮಾತು ಹಾಕಿ!